ಲೆಕ್ಕ ಇಡುವವರು ಯಾರು?

"ಮಾವ, ನಾ ಆಡ್ಲೇ ಇಲ್ಲ. ನಾ ಸುಮ್ನೆ ಮೊಬೈಲ್ ಆಗಿ ಕೂತಿದ್ದೆ."

ಅಕ್ಕನ ಮಗ ಇದನ್ನು ಹೇಳಿದ್ದು ಕಳೆದ ಮಳೆಗಾಲದಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ. 12 ವರ್ಷದ ಹುಡುಗ. ಸಿಟ್ಟು ಮಾಡಿಕೊಳ್ಳಲಿಲ್ಲ. ಪೆನ್ಸಿಲ್ ಕೆಳಗಿಟ್ಟು ಮೆಲ್ಲಗೆ ಹೇಳಿದ. ಅದಕ್ಕೇ ಇರಬೇಕು, ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅಕ್ಕನ ಮನೆ ಕುಮಟಾದಲ್ಲಿ. ಶಾಲೆಗೆ ಮಳೆ ರಜೆ ಸಿಕ್ಕಿತ್ತು. ದೇವಿಮನೆ ಘಟ್ಟ ಹತ್ತಿ ಮಕ್ಕಳಿಬ್ಬರೂ ಅಜ್ಜನ ಮನೆಗೆ ಬಂದಿದ್ದರು. ನಮ್ಮ ಮನೆ ಶಿರಸಿ ಪೇಟೆಯಿಂದ 15 ಕಿಲೋಮೀಟರ್ ಒಳಗೆ, ತೋಟದ ಅಂಚಿಗೆ. ಮಳೆ ಹಿಡಿಯಿತೆಂದರೆ ಅಲ್ಲಿ ಕರೆಂಟಿನ ಮಾತು ಎತ್ತುವ ಹಾಗಿಲ್ಲ. ಹುಡುಗನಿಗೆ ಭಾವನ ಮೊಬೈಲಿನಲ್ಲಿ 'ಸ್ಲೇ ದ ಸ್ಪೈರ್' ಆಡುವ ಹುಚ್ಚು. ಇಸ್ಪೀಟಿನಂಥ ಎಲೆಗಳನ್ನು ಒಂದೊಂದಾಗಿ ಸೇರಿಸಿಕೊಳ್ಳುತ್ತಾ, ಎದುರಾದ ರಾಕ್ಷಸರನ್ನು ಹೊಡೆಯುತ್ತಾ, ಗೋಪುರ ಹತ್ತುತ್ತಾ ಹೋಗುವ ಆಟ. ಆಂಟನಿ ಜಿಯೊವನೆಟ್ಟಿ ಮತ್ತು ಕೇಸಿ ಯಾನೊ ಎಂಬ ಇಬ್ಬರು ಸೇರಿ ಕಟ್ಟಿದ್ದು. 2019ರಲ್ಲಿ ಪೂರ್ತಿಯಾಗಿ ಹೊರಬಂತು. ನನಗೂ ಬಹಳ ಇಷ್ಟ. ಆದರೆ ಅದು ಒಬ್ಬರೇ ಆಡುವ ಆಟ. ಅವನು ಆಡುವಾಗ ಅವನ ತಂಗಿ ಮತ್ತು ನಾನು ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದೆವು. ಮೂರು ತಲೆ, ಒಂದು ಬೆರಳು. ಎರಡನೇ ದಿನ ಮೊಬೈಲಿನ ಬ್ಯಾಟರಿಯೂ ಮುಗಿಯಿತು. "ಕಾಗದದಲ್ಲಿ ಮಾಡಿದ್ರೆ ನಾನೂ ಆಡ್ಬೋದು ಅಲ್ವಾ?" ಎಂದು ಕೇಳಿದವಳು ತಂಗಿ. ಅವಳಿಗೆ 9 ವರ್ಷ.

ಮನೆಯಲ್ಲಿ ಹಳೆಯ ಮದುವೆ ಕಾಗದಗಳ ಕಟ್ಟೇ ಇತ್ತು. ಆಯಿ ಯಾವುದನ್ನೂ ಎಸೆಯುವವಳಲ್ಲ. ಹಿಂಬದಿ ಖಾಲಿ ಇದ್ದವನ್ನು ಆರಿಸಿ ಕತ್ತರಿಸಿದೆವು. ಆಟದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದೆವು. ಕೆಂಪು ಯೋಧನಿಗೆ ಮೊದಲಿಗೆ 10 ಎಲೆ: 6 ಪೆಟ್ಟು ಕೊಡುವವು ಐದು, 5 ಪೆಟ್ಟು ತಡೆಯುವವು ನಾಲ್ಕು, 8 ಪೆಟ್ಟಿನ ಗುದ್ದು ಒಂದು. ಅವನ ಜೀವ 80. ತಂಗಿ ಆರಿಸಿಕೊಂಡ ಹಸಿರು ಬೇಟೆಗಾತಿಗೆ 12 ಎಲೆ, ಜೀವ 70. ಮೊದಲು ಎದುರಾಗುವ ದವಡೆ ಹುಳಕ್ಕೆ 42. ಆ ಹುಳದ ಚಿತ್ರವನ್ನು ಅವಳೇ ಬರೆದಳು. ನೋಡಿದರೆ ಥೇಟ್ ಉಂಬಳ, ಅಂದರೆ ಜಿಗಣೆ. ಆವತ್ತಿನಿಂದ ಅದರ ಹೆಸರೇ ಉಂಬಳ.

ಆಟ ಶುರುವಾಯಿತು. ಹುಡುಗನಿಗೆ ನಿಯಮ ಎಲ್ಲಾ ಬಾಯಿಪಾಠ. ಹಾಗಾಗಿ ಲೆಕ್ಕದ ಪುಸ್ತಕ ಅವನ ಕೈಗೆ ಹೋಯಿತು. ಅವನ ಯೋಧನ ಎಲೆಗಳನ್ನು ನಾನು ಹಿಡಿದೆ. ಗುದ್ದು ತಿಂದ ಉಂಬಳಕ್ಕೆ ಆಮೇಲೆ ಬೀಳುವ ಪೆಟ್ಟು ಒಂದೂವರೆ ಪಟ್ಟು: 6 ಇದ್ದದ್ದು 9. ಉಂಬಳ ಕಚ್ಚಿದರೆ 11. ಅದಕ್ಕೆ 3 ಬಲ ಬಂದಿದ್ದರೆ 14. ಬೇಟೆಗಾತಿ ಅದನ್ನು ದಣಿಸಿದ್ದರೆ ಕಾಲು ಭಾಗ ಕಮ್ಮಿ: ಹತ್ತೂವರೆ, ಚಿಲ್ಲರೆ ಬಿಟ್ಟು 10. ಅದರಲ್ಲಿ 5 ತಡೆ ಕಳೆದರೆ ಉಳಿದದ್ದು 5. ಅದನ್ನು 70ರಿಂದ ಕಳೆ. ಇಷ್ಟೂ ಆಗುವುದು ಒಂದೇ ಕಚ್ಚಿಗೆ. ಹುಡುಗ ತಲೆ ಎತ್ತದೆ ಕೂಡಿಸಿದ, ಕಳೆದ, ಗೀಚಿದ, ಮತ್ತೆ ಬರೆದ. ಮೊಬೈಲಿನಲ್ಲಿ ಮೂರು ನಿಮಿಷಕ್ಕೆ ಮುಗಿಯುವ ಕಾಳಗ ಮುಕ್ಕಾಲು ಗಂಟೆ ಹಿಡಿಯಿತು. ಉಂಬಳ ಸತ್ತಾಗ ತಂಗಿ ಚಪ್ಪಾಳೆ ತಟ್ಟಿದಳು. ಅವನು ಪೆನ್ಸಿಲ್ ಕೆಳಗಿಟ್ಟು ಆ ಮಾತು ಹೇಳಿದ.

ಮಳೆಯಲ್ಲಿ ಕೂತು ಮಾಡಿದ ಕೆಲಸ ಹಾಳಾಯಿತು ಎಂದು ನನಗೆ ಬೇಜಾರಾಗಲಿಲ್ಲ. ಆ ಹುಡುಗನಿಗೆ ಅತಿ ಪ್ರೀತಿಯ ಆಟ ಅದು. ಅದನ್ನೇ ಅವನ ಕೈಯಿಂದ ಕಿತ್ತುಕೊಂಡೆವಲ್ಲ, ಬೇಜಾರಾಗಿದ್ದು ಅದಕ್ಕೆ.

ಅಪ್ಪಯ್ಯ ಕೇಳಿದ್ದು

ಅಪ್ಪಯ್ಯ ಅಷ್ಟೂ ಹೊತ್ತು ಕವಳದ ಹರಿವಾಣ ಎದುರಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದ. ಅವನು ಮೊಬೈಲ್ ಆಟ ಆಡಿದವನಲ್ಲ. ಆದರೆ ಇಪ್ಪತ್ತೆಂಟು ಆಟದಲ್ಲಿ ಅವನ ಎದುರು ಕೂರುವುದು ಕಷ್ಟ. ಮದುವೆ ಮನೆಯ ರಾತ್ರಿಗಳಲ್ಲಿ ಅವನನ್ನು ಹುಡುಕಿಕೊಂಡು ಬಂದು ಆಟಕ್ಕೆ ಕೂರಿಸುತ್ತಿದ್ದರು.

"ಲೆಕ್ಕ ಇಡ್ಲಿಕ್ಕೆ ಒಬ್ಬನ್ನ ಬೇರೆ ಕೂರಿಸ್ತೀರನೋ? ಇಪ್ಪತ್ತೆಂಟಕ್ಕೆ ಯಾರನ್ನ ಕೂರಿಸ್ತಾರೆ?" ಎಂದು ಕೇಳಿದ.

ಯಾರನ್ನೂ ಕೂರಿಸುವುದಿಲ್ಲ. ಇಪ್ಪತ್ತೆಂಟಕ್ಕೆ ಇಸ್ಪೀಟಿನ 32 ಎಲೆ ಸಾಕು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು. ಒಂದು ಬಣ್ಣಕ್ಕೆ 7, ನಾಲ್ಕು ಬಣ್ಣಕ್ಕೆ 28. ಅಷ್ಟೇ ಇರುವುದು. ಯಾರ ಹತ್ತಿರ ಎಷ್ಟು ಹೋಯಿತು, ಇನ್ನೆಷ್ಟು ಬಾಕಿ ಎಂದು ನಾಲ್ಕೂ ಜನರ ತಲೆಯಲ್ಲಿ ಓಡುತ್ತಾ ಇರುತ್ತದೆ. ಕವಳ ಹಾಕುತ್ತಾ, ಅಡಿಕೆ ದರ ಮಾತಾಡುತ್ತಾ ಇಡಬಹುದಾದ ಲೆಕ್ಕ ಅದು. ಯಾರೋ ಬಣ್ಣ ಇದ್ದೂ ಹಾಕದೆ ತುರುಫು ಹೊಡೆದರೆ ಕೊನೆಗೆ ಸಿಕ್ಕಿಬೀಳುತ್ತಾರೆ, ಏಕೆಂದರೆ ಬಿದ್ದ ಎಲೆಗಳನ್ನು ಎಲ್ಲರೂ ನೋಡಿರುತ್ತಾರೆ. ಆ ಆಟದಲ್ಲಿ ನ್ಯಾಯ ಹೇಳುವವನೂ ಇಲ್ಲ, ಗುಮಾಸ್ತನೂ ಇಲ್ಲ. ಕೂತವರೇ ಎಲ್ಲಾ.

ನಾನು ಆ ರಾತ್ರಿ ಬಹಳ ಹೊತ್ತು ಯೋಚಿಸಿದ್ದು ಇದನ್ನೇ. ಮೊಬೈಲಿನ ಆಟವನ್ನು ಕಾಗದಕ್ಕೆ ತರುವುದು ಎಂದರೆ ಎಲೆ ಬರೆದು ನಿಯಮ ಬರೆಯುವುದು ಎಂದುಕೊಂಡಿದ್ದೆ. ಆದರೆ ಮೊಬೈಲ್ ಬರೀ ಆಟ ತೋರಿಸುತ್ತಿರಲಿಲ್ಲ. ಕಲಸುತ್ತಿತ್ತು, ಹಂಚುತ್ತಿತ್ತು, ಕೂಡಿಸಿ ಕಳೆಯುತ್ತಿತ್ತು. ಉಂಬಳದ ಮನಸ್ಸಿನಲ್ಲಿ ಏನಿದೆ ಎಂದು ನಿರ್ಧರಿಸುತ್ತಿತ್ತು. ಹತ್ತು ಎಲೆಯಲ್ಲಿ ಐದೈದು ಎತ್ತಿದರೆ ಮೂರನೇ ಸುತ್ತಿಗೇ ಮತ್ತೆ ಕಲಸಬೇಕು. ಅದನ್ನೂ ಸದ್ದಿಲ್ಲದೆ ಮಾಡುತ್ತಿತ್ತು. ಒಂದು ಕೆಲಸದವನನ್ನು ಬಿಡಿಸಿದ ಮೇಲೆ ಅವನ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ. ನಾವು ಅಷ್ಟನ್ನೂ ಒಬ್ಬ ಹುಡುಗನ ತಲೆಗೆ ಕಟ್ಟಿದ್ದೆವು.

ಇನ್ನೊಂದು ವಿಷಯ. ಎಲೆ ಕಟ್ಟಿಕೊಳ್ಳುತ್ತಾ ಹೋಗುವ ಈ ರೀತಿಯೇ ಮೇಜಿನ ಮೇಲೆ ಹುಟ್ಟಿದ್ದು. 2008ರಲ್ಲಿ ಬಂದ 'ಡೊಮಿನಿಯನ್' ಎಂಬ ಎಲೆಯಾಟದಿಂದ ಅದು ಹರಡಿತು. ಅಲ್ಲೂ ಶುರುವಿಗೆ 10 ಎಲೆ, ಕೈಗೆ 5. ಮೇಜಿನಿಂದ ಮೊಬೈಲಿಗೆ ಹೋದ ಮೇಲೆ ಆಟಕ್ಕೆ ದೊಡ್ಡ ದೊಡ್ಡ ಸಂಖ್ಯೆಗಳು ಸೇರಿಕೊಂಡವು, ಹೊತ್ತುಕೊಳ್ಳಲು ಯಂತ್ರ ಇತ್ತಲ್ಲ. ವಾಪಸ್ ಕರೆತರುವಾಗ ಆ ಭಾರವನ್ನು ಇಳಿಸಬೇಕು. ಆದರೆ ಎಷ್ಟು ಇಳಿಸಬೇಕು?

ಮೂರರಿಂದ ಭಾಗಿಸಿದ್ದು

ಬೆಳಿಗ್ಗೆ ದೋಸೆ ತಿನ್ನುತ್ತಾ ಹುಡುಗನೇ ಹೇಳಿದ, "ಎಲ್ಲಾನೂ ಮೂರರಿಂದ ಭಾಗಿಸೋಣ." ಯಾಕೆ ಮೂರು ಎಂದರೆ ಅವನಿಗೆ 6 ಮತ್ತು 3 ಕಣ್ಣಿಗೆ ಕಂಡಿದ್ದವು. ಕೂತು ಮಾಡಿ ನೋಡಿದೆವು. 6ರ ಪೆಟ್ಟು 2 ಆಯಿತು. 5ರ ತಡೆಯೂ 2 ಆಯಿತು. 8ರ ಗುದ್ದು 3. ಉಂಬಳದ 11ರ ಕಚ್ಚು 4. ಅದಕ್ಕೆ ಬರುವ 3 ಬಲ ಈಗ 1. ಇಷ್ಟು ಆಗುವಾಗ ಒಂದು ಚಂದದ ಸಂಗತಿ ತಾನಾಗಿ ಬಂತು. ಒಂದೂವರೆ ಪಟ್ಟು ಎಂಬ ಗುಣಾಕಾರವೇ ಬೇಡವಾಯಿತು. 2ರ ಒಂದೂವರೆ ಪಟ್ಟು 3, ಅಂದರೆ ಬರೀ ಒಂದು ಕೂಡಿಸಿದರೆ ಆಯಿತು. ದಣಿದ ಉಂಬಳದ ಕಾಲು ಭಾಗವೂ ಹಾಗೇ: ಬಲ ಸೇರಿ 5ರ ಕಚ್ಚು, ಕಾಲು ಭಾಗ ಕಮ್ಮಿ ಎಂದರೆ ಮುಕ್ಕಾಲು ಸೇರಿದ 3, ಹೆಚ್ಚುಕಮ್ಮಿ 4. ಒಂದು ಕಳೆದರೆ ಮುಗಿಯಿತು. ಗುಣಾಕಾರ, ಭಾಗಾಕಾರ ಎರಡೂ ಹೋಗಿ ಒಂದು ಕೂಡಿಸು, ಒಂದು ಕಳೆ ಎಂಬಷ್ಟಕ್ಕೆ ಆಟ ಇಳಿಯಿತು. 9 ವರ್ಷದವಳಿಗೆ ಬೆರಳು ಕೂಡ ಬೇಡ.

6 ಮತ್ತು 5ರ ನಡುವಿನ ಆ ಒಂದು ಅಂತರ ಮಾತ್ರ ಹೋಯಿತು. ಹೊಡೆಯುವುದು ತಡೆಯುವುದಕ್ಕಿಂತ ಒಂದು ಕೂದಲೆಳೆ ಮೇಲು ಎಂಬ ಗುಟ್ಟು ಅದರಲ್ಲಿತ್ತು. ನನಗೆ ಅದು ನಷ್ಟವೇ. ಈ ಆಟಕ್ಕೆ ಅದನ್ನು ಕಟ್ಟಿದವರ ಒಪ್ಪಿಗೆಯಿಂದಲೇ ಮೇಜಿನ ಆವೃತ್ತಿ 2024ರಲ್ಲಿ ಬಂದಿದೆ. ನಾಲ್ಕು ಜನರವರೆಗೆ ಸೇರಿ ಆಡಬಹುದು. ಅದರಲ್ಲಿ ಅವರು ಇನ್ನೂ ಮುಂದೆ ಹೋಗಿ ಪೆಟ್ಟಿಗೂ 1, ತಡೆಗೂ 1 ಮಾಡಿದ್ದಾರೆ. ವಿಡಿಯೊ ನೋಡಿದಾಗ ನನಗೆ ಸಮಾಧಾನ ಆಯಿತು. ಅವರೂ ಆ ಕೂದಲೆಳೆಯನ್ನು ಬಿಟ್ಟುಕೊಟ್ಟಿದ್ದಾರೆ.

ಉಂಬಳದ 42 ಜೀವ ಮೂರರಿಂದ ಭಾಗಿಸಿ 14 ಆಯಿತು. ಇಬ್ಬರು ಸೇರಿ ಹೊಡೆಯುವುದರಿಂದ ದುಪ್ಪಟ್ಟು ಮಾಡೋಣ ಎಂದೆ. ತಂಗಿ ಲೆಕ್ಕ ಹಾಕಿ "28" ಎಂದಳು. ಅಪ್ಪಯ್ಯ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ತಲೆ ಎತ್ತಿದ. "ಅಡ್ಡಿಲ್ಲೆ" ಎಂದು ತಾನೂ ಹತ್ತಿರ ಬಂದು ಕೂತ.

ಜೀವ ಎಣಿಸಲು ಪುಸ್ತಕ ಬೇಡ ಎಂದವನೂ ಅವನೇ. ಒಂದು ತಟ್ಟೆಯಲ್ಲಿ 28 ಚಾಲಿ ಅಡಿಕೆ ಎಣಿಸಿ ಇಟ್ಟ. ಪೆಟ್ಟು ಬಿದ್ದಷ್ಟು ಅಡಿಕೆ ತೆಗೆಯುವುದು. ಬರೆದ ಸಂಖ್ಯೆಯನ್ನು ಒಬ್ಬರೇ ನೋಡುತ್ತಾರೆ, ತಟ್ಟೆಯಲ್ಲಿ ಉಳಿದ ಅಡಿಕೆಯನ್ನು ಎಲ್ಲರೂ ನೋಡುತ್ತಾರೆ. ಆರೇ ಉಳಿದಾಗ ಮಕ್ಕಳಿಬ್ಬರೂ ಎದ್ದು ಮಂಡಿಯ ಮೇಲೆ ಕೂತಿದ್ದರು. ಮೊಬೈಲಿನಲ್ಲಿ ಕೆಂಪು ಪಟ್ಟಿ ಕಿರಿದಾಗುವಾಗ ಹಾಗೆ ಯಾರೂ ಏಳುವುದನ್ನು ನಾನು ನೋಡಿಲ್ಲ.

ಭಾಗವಾಗದ ನಂಜು

ಮೂರರಿಂದ ಭಾಗಿಸುವುದು ಎಲ್ಲಕ್ಕೂ ನಡೆಯುತ್ತದೆ ಎಂದುಕೊಂಡೆವು. ಎರಡು ದಿನ ಆಡಿದ ಮೇಲೆ ತಂಗಿ ಮುಖ ಚಿಕ್ಕದು ಮಾಡಿಕೊಂಡು ಕೂತಳು. "ನನ್ನ ನಂಜು ಏನೂ ಕೆಲಸ ಮಾಡ್ತಾ ಇಲ್ಲ" ಎಂದಳು. ಬೇಟೆಗಾತಿಯ ಶಕ್ತಿಯೇ ನಂಜು. ಮೂಲ ಆಟದಲ್ಲಿ ಅವಳ ಒಂದು ಎಲೆ ಎದುರಾಳಿಗೆ 5 ನಂಜು ಏರಿಸುತ್ತದೆ. ಪ್ರತಿ ಸುತ್ತಿಗೂ ಇರುವ ನಂಜಿನಷ್ಟು ಜೀವ ಹೋಗುತ್ತದೆ, ಆಮೇಲೆ ನಂಜು ಒಂದು ಇಳಿಯುತ್ತದೆ. 5ನ್ನು ಮೂರರಿಂದ ಭಾಗಿಸಿ ನಾವು 2 ಎಂದು ಬರೆದಿದ್ದೆವು.

ತಪ್ಪು ಎಲ್ಲಿದೆ ಎಂದು ಹುಡುಕಲು ನನಗೆ ಒಂದು ಮಧ್ಯಾಹ್ನ ಬೇಕಾಯಿತು. 5 ನಂಜು ಎಂದರೆ 5 ಪೆಟ್ಟಲ್ಲ. 5, 4, 3, 2, 1, ಒಟ್ಟು 15 ಪೆಟ್ಟು. ಅದರ ಮೂರನೇ ಒಂದು ಭಾಗ 5 ಆಗಬೇಕು. 2 ನಂಜು ಕೊಡುವುದು 2 ಮತ್ತು 1, ಒಟ್ಟು 3 ಮಾತ್ರ. 3 ನಂಜು ಇಟ್ಟರೆ 3, 2, 1, ಒಟ್ಟು 6. ಒಂದೊಂದು ಮೆಟ್ಟಿಲಾಗಿ ಇಳಿಯುವ ವಸ್ತುವನ್ನು ಮೂರು ಪಾಲು ಮಾಡಿದರೆ ಅದು ಮೂರು ಪಾಲಿಗಿಂತ ಜಾಸ್ತಿ ಕುಗ್ಗಿಬಿಡುತ್ತದೆ. ಹಾಗಾಗಿ 3 ಎಂದು ತಿದ್ದಿದೆವು. ಸ್ವಲ್ಪ ಜಾಸ್ತಿಯೇ ಆಯಿತು, ಇರಲಿ. ಆ ಸಂಜೆ ಅವಳು ಒಂದೇ ಸಮನೆ ಮೂರು ಕಾಳಗ ಆಡಿದಳು.

ನಂಜಿಗೆ ಗುಲಗಂಜಿ ಇಟ್ಟೆವು. ಚೆನ್ನೆಮಣೆಯ ಜೊತೆ ಡಬ್ಬಿಯಲ್ಲಿ ಇದ್ದವು. ಕೆಂಪು ಮೈ, ಕಪ್ಪು ಚುಕ್ಕೆ. ಎದುರಾಳಿಯ ಎಲೆಯ ಮೇಲೆ ಮೂರು ಕಾಳು ಇಟ್ಟರೆ ನೋಡುವಾಗಲೇ ನಂಜು ಅನಿಸುತ್ತದೆ. ಗುಲಗಂಜಿ ಬೀಜ ನಿಜಕ್ಕೂ ವಿಷ. ಬಾಯಿಗೆ ಹಾಕುವ ಪುಟ್ಟ ಮಕ್ಕಳು ಇರುವ ಮನೆಯಲ್ಲಿ ಇದನ್ನು ಮಾಡಬೇಡಿ, ಹುಣಸೆ ಬೀಜ ಸಾಕು.

ಉಂಬಳದ ಮನಸ್ಸು

ಅಪ್ಪಯ್ಯನಿಗೂ ನನಗೂ ಜಟಾಪಟಿ ಆಗಿದ್ದು ಇಲ್ಲಿ. ಮೂಲ ಆಟದಲ್ಲಿ ಎದುರಾಳಿ ಮುಂದೆ ಏನು ಮಾಡುತ್ತದೆ ಎಂದು ಅದರ ತಲೆಯ ಮೇಲೆ ಮೊದಲೇ ಕಾಣಿಸುತ್ತದೆ. ಕಚ್ಚುತ್ತದೆಯೋ, ಬಲ ಏರಿಸಿಕೊಳ್ಳುತ್ತದೆಯೋ, ಎಷ್ಟು ಪೆಟ್ಟು ಬರುತ್ತದೆಯೋ ಎಲ್ಲಾ ಗೊತ್ತು. ಗೊತ್ತಿದ್ದೂ ನಿಮ್ಮ ಕೈಯಲ್ಲಿರುವ ಐದು ಎಲೆಯಲ್ಲಿ, ಎಲೆ ಹಾಕಲು ಖರ್ಚಾಗುವ ಮೂರೇ ಕಸುವಿನಲ್ಲಿ, ಏನು ಮಾಡುತ್ತೀರಿ ಎಂಬುದೇ ಆಟ. ಅಪ್ಪಯ್ಯನಿಗೆ ಇದು ಹಿಡಿಸಲಿಲ್ಲ. "ತುರುಫು ಮಗುಚಿ ಇಟ್ಟ ಹಾಗೆ ಇಡು. ಎದುರಿನವನ ಕೈ ಕಂಡ ಮೇಲೆ ಆಟ ಎಂತದು?" ಎಂದ. ಇಪ್ಪತ್ತೆಂಟರಲ್ಲಿ ಸವಾಲು ಗೆದ್ದವನು ತುರುಫಿನ ಎಲೆಯನ್ನು ಮಗುಚಿ ನೆಲದ ಮೇಲೆ ಇಡುತ್ತಾನೆ. ಅದು ಏನೆಂದು ಅವನೊಬ್ಬನಿಗೇ ಗೊತ್ತು. ಉಳಿದವರು ಅವನ ಮುಖ ನೋಡಿ ಊಹಿಸಬೇಕು. ಆ ಆಟಕ್ಕೆ ಅದು ಸರಿ, ಏಕೆಂದರೆ ಎದುರಿಗೆ ಮುಖ ಇದೆ. ಉಂಬಳಕ್ಕೆ ಮುಖವೇ ಇಲ್ಲ. ಮುಖ ಇಲ್ಲದವರ ಗುಟ್ಟನ್ನು ಹೇಗೆ ಊಹಿಸುವುದು? ಅಲ್ಲಿ ಉಳಿಯುವುದು ಬರೀ ಅದೃಷ್ಟ. ನಾನು ಈ ಒಂದು ವಿಷಯದಲ್ಲಿ ಬಗ್ಗಲಿಲ್ಲ. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಟ್ಟರೆ ಅದು ಆ ಆಟ ಆಗಿ ಉಳಿಯುತ್ತಿರಲಿಲ್ಲ.

ಆದರೆ ಉಂಬಳದ ಮನಸ್ಸನ್ನು ಆರಿಸುವವರು ಯಾರು? ಮೊಬೈಲಿನಲ್ಲಿ ಅದು ಮೊದಲ ಸುತ್ತಿಗೆ ಕಚ್ಚಿಯೇ ಕಚ್ಚುತ್ತದೆ. ಆಮೇಲೆ ನೂರಕ್ಕೆ 45 ಪಾಲು ಬಲ ಏರಿಸಿಕೊಳ್ಳುತ್ತದೆ, 30 ಪಾಲು ಸಣ್ಣಗೆ ಹೊಡೆದು ತಡೆಯನ್ನೂ ಇಟ್ಟುಕೊಳ್ಳುತ್ತದೆ, 25 ಪಾಲು ಕಚ್ಚುತ್ತದೆ. 2024ರ ಮೇಜಿನ ಆವೃತ್ತಿಯಲ್ಲಿ ಇದಕ್ಕೆ ದಾಳ ಇದೆ. ನಮ್ಮ ಮನೆಯಲ್ಲಿ ದಾಳ ಇರಲಿಲ್ಲ. ಚೌಕಾಬಾರದ ನಾಲ್ಕು ಕವಡೆ ಇದ್ದವು.

ಕವಡೆಯ ಸೊಗಸು ನನಗೆ ಆವತ್ತೇ ತಿಳಿದಿದ್ದು. ನಾಲ್ಕು ಕವಡೆ ಎಸೆದರೆ 16 ರೀತಿ ಬೀಳಬಹುದು. ಒಂದು ಅಂಗಾತ ಬೀಳುವುದು 4 ರೀತಿ, ಎರಡು 6 ರೀತಿ, ಮೂರು 4 ರೀತಿ. ನಾಲ್ಕೂ ಅಂಗಾತ ಬಿದ್ದು ಚೌಕ ಆಗುವುದು ಒಂದೇ ರೀತಿ. ನಾಲ್ಕೂ ಕವುಚಿ ಬಿದ್ದು ಎಂಟು ಆಗುವುದೂ ಒಂದೇ. ದಾಳದಲ್ಲಿ ಆರೂ ಮುಖ ಒಂದೇ ತೂಕ. ಕವಡೆಯಲ್ಲಿ ಸಾಮಾನ್ಯದ್ದು, ಅಪರೂಪದ್ದು ಎಂಬ ಭೇದ ಹುಟ್ಟಿನಿಂದಲೇ ಇದೆ. ಒಂದು ಬಿದ್ದರೆ ಕಚ್ಚು, ಮೂರು ಬಿದ್ದರೆ ಹೊಡೆದು ತಡೆ, ಉಳಿದದ್ದು ಏನು ಬಿದ್ದರೂ ಬಲ ಎಂದು ಇಟ್ಟೆವು. ಲೆಕ್ಕಕ್ಕೆ 25, 25, 50 ಪಾಲು. ಮೂಲಕ್ಕೆ ಎಷ್ಟು ಹತ್ತಿರ ನೋಡಿ. ಕವಡೆಗಳು ನಾಣ್ಯದ ಹಾಗೆ ಸಮಸಮ ಬೀಳುವುದಿಲ್ಲ ನಿಜ. ಪ್ರತಿ ಮನೆಯ ಕವಡೆಗೂ ಅದರದ್ದೇ ಚಾಳಿ. ಹಾಗಾಗಿ ನಮ್ಮ ಉಂಬಳಕ್ಕೂ ನಮ್ಮ ಮನೆಯದ್ದೇ ಸ್ವಭಾವ.

ಸುತ್ತಿನ ಶುರುವಿಗೆ ಒಬ್ಬೊಬ್ಬರು ಸರದಿಯಂತೆ ಎಸೆಯುವುದು. ಎಸೆದವರಿಗೇ ಪೆಟ್ಟು. ಇದು ಹುಡುಗ ಮಾಡಿದ ನಿಯಮ. ಈ ಒಂದು ನಿಯಮದಿಂದ ಅವನು ಗುಮಾಸ್ತನ ಕೆಲಸದಿಂದ ಪೂರ್ತಿ ಬಿಡುಗಡೆಯಾದ. ಕವಡೆ ಎಸೆದವರು ಉಂಬಳ, ನಂಜು ಹಾಕಿದವರು ಗುಲಗಂಜಿ ತೆಗೆಯುವವರು, ಪೆಟ್ಟು ಕೊಟ್ಟವರು ಅಡಿಕೆ ಎಣಿಸುವವರು. ಅಪ್ಪಯ್ಯ ಎರಡು ಕಾಳಗ ನೋಡಿದ. ಮೂರನೆಯದಕ್ಕೆ ನನ್ನ ಕೈಯಿಂದ ಯೋಧನ ಎಲೆಗಳನ್ನು ತೆಗೆದು ಮೊಮ್ಮಗನಿಗೆ ಕೊಟ್ಟ. ತಾನು ಅವನ ಪಕ್ಕ ಕೂತು, "ಮಾಣಿ, ಈಗ ಅದು ಕಚ್ಚೂದು ಗೊತ್ತಾಯ್ತಲ, ತಡೆ ಹಾಕು" ಎಂದು ಶುರು ಮಾಡಿದ. ಎದುರಿನ ಕೈ ಕಂಡರೆ ಆಟ ಇಲ್ಲ ಎಂಬ ಮಾತು ಮತ್ತೆ ಬರಲಿಲ್ಲ.

ಬಿಟ್ಟದ್ದು, ಅಚ್ಚಾದದ್ದು

ಬಿಟ್ಟದ್ದು ಬಹಳ ಇದೆ. ಹತ್ತನೇ ಪೆಟ್ಟು ದುಪ್ಪಟ್ಟಾಗುವ ಒಂದು ಲೇಖನಿ ಮೂಲದಲ್ಲಿ ಇದೆ. ಹತ್ತರವರೆಗೆ ಎಣಿಸುತ್ತಾ ಕೂರುವುದು ಯಂತ್ರಕ್ಕೆ ಸುಲಭ, ನಮಗೆ ಐದನೇ ಪೆಟ್ಟಿಗೇ ಮರೆತುಹೋಗುತ್ತಿತ್ತು. ಅದನ್ನು ತೆಗೆದೆವು. ಕಾಳಗ ಮುಗಿದ ಮೇಲೆ 6 ಜೀವ ವಾಪಸ್ ಕೊಡುವ ಯೋಧನ ರಕ್ತವನ್ನು 2 ಮಾಡಿ ಉಳಿಸಿಕೊಂಡೆವು, ಗೆದ್ದ ಖುಷಿಯಲ್ಲಿ ಅದನ್ನು ಯಾರೂ ಮರೆಯುವುದಿಲ್ಲ. ಒಬ್ಬೊಬ್ಬ ನಾಯಕನಿಗೆ ಮೂಲದಲ್ಲಿ 75 ಬಗೆಯ ಎಲೆಗಳಿವೆ. ನಾವು ಆರಿಸಿದ್ದು 25.

ಮದುವೆ ಕಾಗದದ ಎಲೆಗಳು ಮಳೆಯ ತಂಪಿಗೆ ಬಾಗಿ, ಒಂದಕ್ಕೊಂದು ಅಂಟಿ, ಕಲಸಲು ಬಾರದಾದವು. ಹಬ್ಬದ ಹೊತ್ತಿಗೆ ಶಿರಸಿಯ ಒಂದು ಪ್ರೆಸ್ಸಿಗೆ ಹೋದೆ. 12 ಇಂಚು ಉದ್ದ 18 ಇಂಚು ಅಗಲದ ಹಾಳೆಯಲ್ಲಿ, ಕತ್ತರಿಸಲು ಜಾಗ ಬಿಟ್ಟು, ಇಸ್ಪೀಟಿನ ಅಳತೆಯ 18 ಎಲೆ ಕೂರುತ್ತವೆ. ನಮ್ಮದು ಶುರುವಿನ 22, ಸೇರಿಸಿಕೊಳ್ಳುವ 50, ಒಟ್ಟು 72. ಸರಿಯಾಗಿ ನಾಲ್ಕು ಹಾಳೆ. ಮನೆಯಲ್ಲಿ ಆಡಲಿಕ್ಕೆ ಒಂದೇ ಪ್ರತಿ, ಮಾರುವುದಕ್ಕಲ್ಲ ಎಂದು ಹೇಳಿ, ಮಕ್ಕಳು ಬರೆದ ಚಿತ್ರಗಳನ್ನೇ ಕೊಟ್ಟೆ.

ಅಲ್ಲಿ ಎದುರಾದದ್ದು ಕನ್ನಡದ ತೊಂದರೆ. ನಾನು ಯೂನಿಕೋಡಿನಲ್ಲಿ ಬರೆದದ್ದು ಅವರ ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಚದುರಿ ಬಿತ್ತು. ಮತ್ತೆ 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದೆವು. ಸರಿಯಾಗಿ ಮೂಡಿದ ಮೇಲೂ ಸಣ್ಣ ಅಕ್ಷರದಲ್ಲಿ ಒತ್ತು ಇರುವ ಪದ ಚಿಮಣಿ ಬೆಳಕಿಗೆ ಓದಲು ಬರುವುದಿಲ್ಲ. ಅದಕ್ಕಾಗಿ ಒತ್ತಿಲ್ಲದ ಪದಗಳನ್ನು ಹುಡುಕಿದೆವು. ಶಕ್ತಿ ಹೋಗಿ ಕಸುವು ಆಯಿತು. ನಂಜು ನಂಜಾಗಿಯೇ ಉಳಿಯಿತು. ಸುಸ್ತು ದಣಿವಾಯಿತು. ಪೆಟ್ಟು ಜಾಸ್ತಿ ತಾಗುವ ಸ್ಥಿತಿಗೆ ಏನು ಹೇಳುವುದೆಂದು ಬಹಳ ದಿನ ಹೊಳೆದಿರಲಿಲ್ಲ. ಒಡೆದ ಹಂಡೆ ತೋರಿಸಿ ಆಯಿ ಯಾವುದೋ ಮಾತಿಗೆ "ಬಿರುಕು ಬಿಟ್ಟಿದ್ದು" ಎಂದಳು. ಬಿರುಕು ಅಂತಲೇ ಅಚ್ಚಾಯಿತು. ಗುದ್ದು ಮಾತ್ರ ಒತ್ತಿನ ಸಮೇತ ಉಳಿಯಿತು. ಅದನ್ನು ಬದಲಿಸಲು ಹುಡುಗ ಒಪ್ಪಲಿಲ್ಲ.

ಈಗ ಎಲೆಗಳು ಪ್ಲಾಸ್ಟಿಕ್ ಕವರಿನ ಒಳಗೆ ಭದ್ರವಾಗಿವೆ. ಈ ಮಳೆಗಾಲಕ್ಕೆ ಮಕ್ಕಳು ಮತ್ತೆ ಬರುತ್ತಾರೆ. ಮೊನ್ನೆ ತಂಗಿ ಕುಮಟಾದಿಂದ ಒಂದು ಫೋಟೊ ಕಳಿಸಿದಳು. ಹೊಸ ಎಲೆ, ಹೆಸರು 'ಕೊಳೆ'. ಅಜ್ಜನ ತೋಟದಲ್ಲಿ ಅಡಿಕೆಗೆ ಬಂದ ಕೊಳೆ ರೋಗ ನೋಡಿದ್ದಳಲ್ಲ, ಅದನ್ನೇ ಬರೆದಿದ್ದಾಳೆ. ಒಂದು ಉಂಬಳಕ್ಕೆ ಹಾಕಿದರೆ ಪಕ್ಕದ ಉಂಬಳಕ್ಕೂ ಹರಡಬೇಕಂತೆ. ಎಷ್ಟು ಕಾಳು ದಾಟಬೇಕು, ಯಾವಾಗ ದಾಟಬೇಕು, ಆ ಕಾಳು ದಾಟಿಸುವವರು ಯಾರು ಎಂದು ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದೆವು. ನಡುವೆ ಅವಳ ಅಣ್ಣ ಫೋನ್ ಕಸಿದುಕೊಂಡು, ಕಾಳು ಎಣಿಸುವ ಕೆಲಸ ತನಗೆ ಬೇಡ ಎಂದು ಹೇಳಿ ವಾಪಸ್ ಕೊಟ್ಟ.

ಎಲೆಯ ಮೇಲೆ ಸಂಖ್ಯೆಯ ಜಾಗವನ್ನು ಅವಳು ಖಾಲಿ ಬಿಟ್ಟಿದ್ದಾಳೆ. ಅಜ್ಜನ ಜೊತೆ ಆಡಿ ನೋಡಿದ ಮೇಲೆ ಬರೆಯುತ್ತಾಳಂತೆ.